ಮಹಾರುದ್ರಪ್ಪನ ಉಳಿದ ಚರ್ಮ

ಹುಮನಾಬಾದಿನ ಬಸ್ ನಿಲ್ದಾಣದ ಎದುರು ಪೇಡೆ ಅಂಗಡಿ ಇಟ್ಟಿದ್ದ ಮಹಾರುದ್ರಪ್ಪನಿಗೆ ಮಾತಾಡುವಾಗ ಕೈ ಬೀಸುವ ಚಟ. ಬಾಯಿ ಒಂದು ಮಾತು ಹೇಳಿದರೆ ಕೈ ಎರಡು ಹೇಳುತ್ತಿತ್ತು. ಗಿರಾಕಿಗಳು ಒಂದು ಮಾರು ದೂರವೇ ನಿಂತು ವ್ಯಾಪಾರ ಮಾಡುತ್ತಿದ್ದರು. ಆದರೆ ಒಲೆಯ ಮೇಲಿದ್ದ ಸಕ್ಕರೆ ಪಾಕದ ಕಡಾಯಿಗೆ ದೂರ ನಿಲ್ಲಲು ಬರುವುದಿಲ್ಲವಲ್ಲ.

ಅವತ್ತು ಬಸವಕಲ್ಯಾಣದ ಕಡೆಯ ಗಿರಾಕಿಯೊಬ್ಬ ಪೇಡೆ ಬಾಯಿಗೆ ಹಾಕಿಕೊಂಡು, "ಛಲೋ ಅದ. ಖರೆ ಕಲ್ಯಾಣದಾಗ ನಿಮ್ಮ ಅಣ್ಣಾರು ಮಾಡೂದು ಇದಕಿಂತ ಮೆತ್ತಗಿರ್ತದ ನೋಡ್ರಿ" ಅಂದ. ಅಷ್ಟೇ ಸಾಕಾಯಿತು. ಅಣ್ಣ ಬಸವಣಪ್ಪನಿಗೂ ತಮ್ಮ ಮಹಾರುದ್ರಪ್ಪನಿಗೂ ಅಪ್ಪ ತೀರಿಕೊಂಡಾಗಿನಿಂದ ಮಾತಿರಲಿಲ್ಲ. ಅಪ್ಪನ ಅಂಗಡಿ ಅಣ್ಣನಿಗೆ ಉಳಿದಿತ್ತು. ಅಪ್ಪನ ಕೈಗುಣ ತನಗೆ ಬಂದಿದೆ ಎಂದು ತಮ್ಮ ಹುಮನಾಬಾದಿಗೆ ಬಂದು ಬೇರೆ ಬೋರ್ಡು ಹಾಕಿದ್ದ. "ಮೆತ್ತಗ ಇರ್ತದ, ಯಾಕಂದ್ರ ಅವ ಅದರಾಗ ಮೈದಾ ಹಾಕ್ತಾನ!" ಎಂದು ಮಹಾರುದ್ರಪ್ಪ ಕೈ ಬೀಸಿದ. ಕೈ ಕಡಾಯಿಯ ಹಿಡಿಗೆ ಸಿಕ್ಕಿತು. ಕುದಿಯುವ ಪಾಕ ಎದೆ, ಹೊಟ್ಟೆ, ಎರಡೂ ತೋಳುಗಳ ಮೇಲೆ ಬಂತು. ಬಿಸಿ ಎಣ್ಣೆಯಾದರೆ ಹರಿದು ಕೆಳಗೆ ಹೋಗುತ್ತದೆ. ಪಾಕ ಹೋಗುವುದಿಲ್ಲ, ಅಂಟಿ ಕೂರುತ್ತದೆ. ಅದು ಪಾಕದ ಒಳ್ಳೆಯ ಗುಣವೆಂದು ಅವನೇ ಜನರಿಗೆ ಹೇಳುತ್ತಿದ್ದ.

ಹೈದರಾಬಾದಿನ ಒಂದು ದೊಡ್ಡ ದವಾಖಾನೆಗೆ ಒಯ್ದರು. ಸುಟ್ಟದ್ದು ಬಹಳ, ಮುಚ್ಚಲು ಉಳಿದ ಚರ್ಮ ಕಡಿಮೆ. ತೊಡೆಯ ಚರ್ಮ ತೆಗೆದು ತೋಳಿಗೆ ಹಚ್ಚಿದರು, ಅದು ಅಲ್ಲಿಗೇ ತೀರಿತು. ಎದೆ ಹೊಟ್ಟೆಗೆ ಏನು ಮಾಡುವುದು? ಆಗ ಡಾಕ್ಟರು ತೊಡೆ ಸಂದಿಯಿಂದ ಅಂಚೆ ಚೀಟಿಯಷ್ಟು ಚರ್ಮ ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಕೆಲಸ ಮಾಡುವ ರಹೀಮಾ ಎಂಬ ಹುಡುಗಿ ಬೀದರ ಕಡೆಯವಳು. ತಮ್ಮೂರ ಮಾತಿನ ರೋಗಿಯೊಬ್ಬ ಬಂದಿದ್ದಾನೆಂದು ಕೇಳಿ ವಾರ್ಡಿಗೆ ಬಂದಳು.

"ಕಾಕಾ, ಚರ್ಮದ ತಳದಾಗ ತಾಯಿಕೋಶ ಅಂತ ಇರ್ತಾವ್ರಿ. ಒಂದು ತಾಯಿ ಎರಡಾಗ್ತಾಳ. ಒಬ್ಬಾಕಿ ಮ್ಯಾಲ ಹೋಗಿ ಚರ್ಮ ಆಗಿ, ಒಣಗಿ ಉದುರಿ ಹೋಗ್ತಾಳ. ಇನ್ನೊಬ್ಬಾಕಿ ತಳದಾಗೇ ಕುಂತು ಮತ್ತ ತಾಯಿ ಆಗ್ತಾಳ. ನಿಮ್ಮ ಎದಿ ಮ್ಯಾಲಿನ ತಾಯಂದ್ರೆಲ್ಲ ಪಾಕದಾಗ ಹೋಗಿಬಿಟ್ಟಾರ. ಅದಕ್ಕ ಬ್ಯಾರೆ ಕಡೆಯಿಂದ ಒಂದಿಷ್ಟು ತಗೊಂಡು ಗಾಜಿನ ತಾಟಿನಾಗ ಸಾಕಾಕತ್ತೀವಿ."

ಮಹಾರುದ್ರಪ್ಪನಿಗೆ ಕೂಡಲೇ ತಿಳಿಯಿತು. "ಹೆಪ್ಪು ಹಾಕಿದಂಗ! ಒಂದು ಚಮಚಾ ಮೊಸರು, ಒಂದು ಗಡಿಗಿ ಹಾಲು."

"ಹೌದ್ರಿ, ಹಂಗೇ."

"ಎಷ್ಟು ಬೆಳೀತದ?"

"ಬಿಟ್ರ ಈ ವಾರ್ಡಿಗೆಲ್ಲಾ ಹಾಸಬಹುದರಿ."

ಈ ಮಾತು ಅವನ ತಲೆಗೆ ಏರಿತು. ನೋವಿನಲ್ಲೂ ಅಕ್ಕಪಕ್ಕದ ಹಾಸಿಗೆಯವರಿಗೆ ಹೇಳಿದ: ತಾನು ಇಲ್ಲಿ ಮಲಗಿರುವುದು ನಿಜ, ಆದರೆ ಮೇಲಿನ ಮಹಡಿಯಲ್ಲಿ ತಾನು ಬೆಳೆಯುತ್ತಿದ್ದೇನೆ. ನೋಡಲು ಬಂದ ನೆಂಟರಿಗೆ, "ನಾನು ಇನ್ನೂ ಮ್ಯಾಲ ಅದೀನಿ" ಎನ್ನುತ್ತಿದ್ದ. ಹೆಂಡತಿ ಸೂಗಮ್ಮ ನೆಂಟರನ್ನು ಬಾಗಿಲ ಹೊರಗೆ ಕರೆದು, ಜ್ವರದಲ್ಲಿ ಏನೋ ಅನ್ನುತ್ತಾರೆ ಎಂದು ಸಮಾಧಾನ ಮಾಡುತ್ತಿದ್ದಳು. ಅತ್ತಿಗೆ ಯಶೋದಾಬಾಯಿಯೂ ಬಸವಕಲ್ಯಾಣದಿಂದ ಬಂದು ಕಣ್ಣೀರು ಹಾಕಿ ಹೋದಳು. ಅಣ್ಣ ಬರಲಿಲ್ಲ.

ಒಂದು ದಿನ ಅವನಿಗೆ ಮತ್ತೊಂದು ಯೋಚನೆ ಹತ್ತಿತು. "ಅವ್ವಾ ರಹೀಮಾ, ಅದು ಬೆಳೀಬೇಕಂದ್ರ ಉಣಬೇಕಲ್ಲ. ಏನ ಉಣ್ತದ?"

"ಸಕ್ಕರಿ, ಉಪ್ಪು, ಜೀವಸತ್ವ..." ಎಂದು ರಹೀಮಾ ತಡೆದಳು. ಸುಳ್ಳು ಹೇಳಲು ಬಾರದ ಹುಡುಗಿ. "ಮತ್ತ ಎಳೆಗರುವಿನ ರಕ್ತದ ತಿಳಿನೀರು."

ಮಹಾರುದ್ರಪ್ಪನ ಮನೆತನದಲ್ಲಿ ಕೋಳಿತತ್ತಿ ಕೂಡ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. "ಹಾಲು ನಡೆಯಂಗಿಲ್ಲೇನವಾ? ನಾವು ಹಾಲಿನ ಮಂದಿ. ಬೇಕಾದ್ರ ಊರಿಂದ ತರಸ್ತೀನಿ."

"ಹಾಲಿಗೆ ಬದುಕಂಗಿಲ್ರಿ ಕಾಕಾ. ನಿಮಗ ಹಚ್ಚೂಮುಂದ ಛಂದಾಗಿ ತೊಳೀತೀವಿ. ಒಂದು ಹನಿ ಉಳಿಯಂಗಿಲ್ಲ."

"ಸೂಗಮ್ಮಗ ಹೇಳಬ್ಯಾಡ" ಎಂದು ಅವಳಿಂದ ಮಾತು ತೆಗೆದುಕೊಂಡ. ಬದುಕಬೇಕಿತ್ತು. ಮನಸ್ಸಿನಲ್ಲೇ ಲೆಕ್ಕ ಹಾಕಿದ: ಉಂಡದ್ದು ತಾನಲ್ಲ, ಆ ಚರ್ಮ; ಅದು ತಾನಾಗುವುದು ತೊಳೆದ ಮೇಲೆ. ಈ ಸಮಾಧಾನ ಪೂರ್ತಿ ಕೂಡುತ್ತಿರಲಿಲ್ಲ, ಆದರೂ ಸಾಕಿತ್ತು.

ಮೂರು ವಾರಕ್ಕೆ ಚರ್ಮ ತಯಾರಾಯಿತು. ಹಾಲಿನ ಕೆನೆಯಂಥ ತೆಳ್ಳನೆಯ ಹಾಳೆಗಳು. ಡಾಕ್ಟರು ಅವನ್ನು ಎದೆಯ ಮೇಲೆ ಒಂದೊಂದಾಗಿ ಹರಡಿದರು. ಕೆಲವು ಹಿಡಿಯಲಿಲ್ಲ, ಬಹಳಷ್ಟು ಹಿಡಿದವು. ಮಹಾರುದ್ರಪ್ಪ ಬದುಕಿ ಹುಮನಾಬಾದಿಗೆ ಬಂದ, ಅಂಗಡಿಯ ಬಾಗಿಲಲ್ಲಿ ಆರತಿ ಎತ್ತಿಸಿಕೊಂಡ, ಪಾಕದ ಕಡಾಯಿಯನ್ನು ಗೋಡೆಯ ಮೂಲೆಗೆ ಸರಿಸಿದ.

ಒಂದು ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೊಸ ಚರ್ಮಕ್ಕೆ ಬೆವರು ಬರುತ್ತಿರಲಿಲ್ಲ. ನುಣ್ಣಗೆ, ಕೂದಲಿಲ್ಲದೆ, ಎಳೆಮಗುವಿನ ಕೆನ್ನೆಯ ಹಾಗೆ ಹೊಳೆಯುತ್ತಿತ್ತು. ಆದರೆ ಒಲೆಯ ಮುಂದೆ ಕೂತರೆ ಒಳಗೆ ಕುದಿದಂತಾಗಿ ಕಣ್ಣು ಕತ್ತಲೆ ಬರುತ್ತಿತ್ತು. "ಟೊಂಕ ನೋಯಾಕತ್ತದ" ಎಂದು ಹೇಳಿ ಒಲೆಯನ್ನು ಸೂಗಮ್ಮನಿಗೆ ಬಿಟ್ಟು ದುಡ್ಡಿನ ಗಲ್ಲೆಯ ಮೇಲೆ ಕೂತ. ಪೇಡೆ ಮೊದಲಿನ ಹಾಗೆ ಆಗುತ್ತಿರಲಿಲ್ಲ. ಗಿರಾಕಿಗಳು ಅದನ್ನು ಮುಖದ ಮೇಲೆ ಹೇಳುತ್ತಿರಲಿಲ್ಲ, ಸುಟ್ಟವನೆಂಬ ಕರುಣೆ.

ಮರುವರ್ಷ ಶ್ರಾವಣ ಮುಗಿದ ಮೇಲೆ ಅಂಗಡಿಗೆ ಫೋನು ಬಂತು. ರಹೀಮಾ.

"ಕಾಕಾ, ನಿಮ್ಮವು ಒಂದಿಷ್ಟು ಹಾಳಿ ಉಳಿದಿದ್ವು. ಬೇಕಾಗಬಹುದಂತ ಥಂಡಿ ಪೆಟ್ಟಿಗ್ಯಾಗ ಇಟ್ಟಿದ್ವಿ. ಈಗ ನಮ್ಮ ಪ್ರಯೋಗಾಲಯ ಬ್ಯಾರೆ ಕಡಿ ಹೊಂಟದ. ಇಟ್ಟದ್ದನ್ನೆಲ್ಲ ಸುಟ್ಟುಬಿಡ್ತೀವಿ. ನಿಮಗ ತಿಳಿಸಬೇಕಂತ ಫೋನ್ ಮಾಡಿದೆ."

"ಏನು ಮಾಡ್ತೀರಿ?"

"ಸುಡ್ತೀವ್ರಿ. ಕಾಯ್ದೆ ಹಂಗೇ ಅದ."

"ನಮ್ಮೊಳಗ ಸುಡೂದಿಲ್ಲವ್ವಾ!" ಮಹಾರುದ್ರಪ್ಪನ ಕೈ ಗಾಳಿಯಲ್ಲಿ ಬೀಸಿತು, ಪುಣ್ಯಕ್ಕೆ ಕಡಾಯಿ ಮೂಲೆಯಲ್ಲಿತ್ತು. "ನಾವು ಮಣ್ಣು ಮಾಡೋ ಮಂದಿ. ನಮ್ಮಪ್ಪ, ಅಜ್ಜ, ಮುತ್ಯಾ ಎಲ್ಲಾರೂ ಮಣ್ಣಿನಾಗ ಕುಂತಾರ. ನನ್ನನ್ನ ಒಮ್ಮೆ ಸುಟ್ಟದ್ದು ಸಾಲಲಿಲ್ಲೇನು? ತಡಿ, ನಾ ಬರ್ತೀನಿ."

ರಹೀಮಾ ಎಷ್ಟು ತಿಳಿಸಿ ಹೇಳಿದರೂ ಕೇಳಲಿಲ್ಲ. ಮರುದಿನ ಹೈದರಾಬಾದಿಗೆ ಹೋಗಿ ದೊಡ್ಡ ಡಾಕ್ಟರ ಬಾಗಿಲಲ್ಲಿ ಕೂತ. ತನ್ನ ತೊಗಲು ತನಗೆ ಕೊಡಬೇಕೆಂದು ಇಡೀ ಹೊತ್ತು ಒಂದೇ ಸಮ ಮಾತಾಡಿದ. ಸಂಜೆಯ ಹೊತ್ತಿಗೆ ಡಾಕ್ಟರು ಸೋತು, ಬರ್ಫದ ಗಡ್ಡೆ ತುಂಬಿದ ಒಂದು ಥರ್ಮಾಕೋಲ್ ಡಬ್ಬಿಯಲ್ಲಿ ಹಾಳೆಗಳನ್ನು ಇಟ್ಟು ಕೊಡಿಸಿದರು.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಜಹೀರಾಬಾದ್ ದಾಟುವ ಹೊತ್ತಿಗೆ ಕಂಡಕ್ಟರು ಡಬ್ಬಿಯಿಂದ ತೊಟ್ಟಿಕ್ಕುವ ನೀರು ನೋಡಿ, "ಮೀನ ಇದ್ರ ಬಸ್ಸಿನ ಟಪ್ಪಿನ ಮ್ಯಾಲ ಇಡ್ರಿ" ಅಂದ.

"ಯಾರ ಮೀನ? ಇದರಾಗ ನಾ ಅದೀನಿ!"

ಕಂಡಕ್ಟರು ಅವನ ಮುಖ ನೋಡಿದ, ಡಬ್ಬಿ ನೋಡಿದ, ಸುಮ್ಮನೆ ಹಿಂದಿನ ಸೀಟಿನ ಕಡೆಗೆ ಹೋದ. ಪಕ್ಕದಲ್ಲಿದ್ದವನು ಎದ್ದು ನಿಂತೇ ಹುಮನಾಬಾದ್ ಮುಟ್ಟಿದ.

ಮನೆಯಲ್ಲಿ ಸೂಗಮ್ಮ ಡಬ್ಬಿಗೆ ಫ್ರಿಜ್‌ನ ಬಾಗಿಲು ತೆರೆಯಲಿಲ್ಲ. "ಹಾಲು, ಖೋವಾ ಇರೋದ್ರಾಗ ಗಂಡನ ತೊಗಲ ಇಡಾಕ ಬರಂಗಿಲ್ರಿ. ನೀವು ಹೊರಗ ಅದೀರಲ್ಲ, ಅಷ್ಟು ಸಾಕು ನನಗ."

ಎದುರಿಗಿನ ಐಸ್‌ಕ್ಯಾಂಡಿಯವನಿಂದ ಬರ್ಫ ತಂದು ತುಂಬಿದ್ದಾಯಿತು. ಬೆಳಿಗ್ಗೆ ಎದ್ದವನೇ ಕೊಹಿನೂರು ಹಳ್ಳಿಯ ಕಿರಾಣಿ ಅಂಗಡಿಗೆ ಫೋನು ಹಚ್ಚಿದ. ಅವರ ಹಿರಿಯರ ಹೊಲ ಇರುವುದು ಕೊಹಿನೂರಿನಲ್ಲಿ. ಹೊಲದ ಬದುವಿನ ಹತ್ತಿರ ಅಪ್ಪನ ಸಮಾಧಿ. ಹೊಲವನ್ನು ಪಾಲಿಗೆ ಮಾಡುತ್ತಿದ್ದ ದೇವಿದಾಸನನ್ನು ಕರೆಸಿದ. ಲೈನು ಕರಕರ ಅನ್ನುತ್ತಿತ್ತು.

"ದೇವಿದಾಸ, ಅಪ್ಪನ ಬಾಜೂಕ ಒಂದು ಕುಣಿ ತಗೀಬೇಕು. ಹಗುರಾಗಿ ಅಲ್ಲ, ಪದ್ಧತಿ ಪ್ರಕಾರ."

"ಯಾರ್ದ್ರಿ?"

"ನಂದ!"

"ಯಾರ್ದು?"

"ನಂದೋ! ಮಹಾರುದ್ರಪ್ಪಂದು! ನಾಳಿ ಮುಂಜಾನೆ ತರ್ತೀವಿ!"

ಅಲ್ಲಿಗೆ ಲೈನು ಹೋಯಿತು. ದೇವಿದಾಸನಿಗೆ ಕೇಳಿಸಿದ್ದು ಮಹಾರುದ್ರಪ್ಪ, ಕುಣಿ, ನಾಳೆ ಮುಂಜಾನೆ ತರುತ್ತಾರೆ. ಮಾತಾಡಿದವರು ಯಾರೋ ಹುಮನಾಬಾದಿನ ನೆಂಟರು ಇರಬೇಕೆಂದು ಅವನು ತಿಳಿದ. ಸತ್ತವನು ತಾನೇ ಫೋನು ಮಾಡುತ್ತಾನೆಂದು ಯಾವ ಮನುಷ್ಯ ತಿಳಿದಾನು? ಅವನು ಸನಿಕೆ ಹಿಡಿಯುವ ಮೊದಲು ಬಸವಕಲ್ಯಾಣಕ್ಕೆ ಹೋಗುವ ಜೀಪಿನವನಿಗೆ ಸುದ್ದಿ ಹೇಳಿದ. ಜೀಪಿನವನು ಬಸವಣಪ್ಪನ ಅಂಗಡಿಗೆ ಹೇಳಿದ, ಹುಮನಾಬಾದಿಗೆ ಫೋನು ಮಾಡಿ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಲ್ಲಿಂದ ಸುದ್ದಿಗೆ ಜೀಪು ಬೇಕಾಗಲಿಲ್ಲ.

ಮರುದಿನ ಮುಂಜಾನೆ ಮಹಾರುದ್ರಪ್ಪ ಸೂಗಮ್ಮನ ಜೊತೆ ಕೊಹಿನೂರಿನಲ್ಲಿ ಬಸ್ಸಿಳಿದ. ತಲೆಗೆ ರುಮಾಲು, ಕೈಯಲ್ಲಿ ಡಬ್ಬಿ. ಹೊಲದ ಹಾದಿಯಲ್ಲಿ ಟ್ರ್ಯಾಕ್ಟರು, ಜೀಪು, ಸೈಕಲ್ಲುಗಳು ನಿಂತಿದ್ದವು. ಬದುವಿನ ಹತ್ತಿರ ಜನವೋ ಜನ. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು.

"ಯಾರೋ ಹೋಗ್ಯಾರ ಕಾಣ್ತದ, ಪಾಪ" ಅಂದ ಮಹಾರುದ್ರಪ್ಪ. "ನಮ್ಮ ಹೊಲದಾಗ ಯಾಕ ಕೂಡ್ಯಾರ?"

ಸೂಗಮ್ಮ ಹಾಡಿನಲ್ಲಿ ಗಂಡನ ಹೆಸರು ಕೇಳಿದಳು. "ರೀ, ನೀವ ಹೋಗೀರಿ" ಅಂದಳು.

ಅವನು ಜೋಳದ ಬೆಳೆಯ ಮರೆಗೆ ನಿಂತ. ಓಡಿಹೋಗಲು ಮನಸ್ಸಾಯಿತು, ಕೇಳಲೂ ಮನಸ್ಸಾಯಿತು. ಕೊಡಂಬಲದ ಸೋದರಮಾವ, "ಬಾಯಿ ಒಂದು ಬಿಟ್ರ ಎಲ್ಲಾ ಛಲೋ ಇತ್ತು ಅವಂದು" ಎನ್ನುತ್ತಿದ್ದ. ದುಬಲಗುಂಡಿಯ ಯಾರೋ ಒಬ್ಬ ಅದಕ್ಕೆ ತಲೆದೂಗಿದ. ಮಧ್ಯದಲ್ಲಿ ನೆಲದ ಮೇಲೆ ಅಣ್ಣ ಬಸವಣಪ್ಪ ಕೂತಿದ್ದ. ಬರಿಗಾಲು, ಅಂಗಿಯ ಗುಂಡಿ ತಪ್ಪಿತ್ತು. ಮುದುಕನಾಗಿಬಿಟ್ಟಿದ್ದ. ಅಳು ಬರದೆ, ಬಾಯಿ ತೆರೆದು ಕೂತು ಒಂದೇ ಮಾತನ್ನು ಎಲ್ಲರಿಗೂ ಹೇಳುತ್ತಿದ್ದ: "ಪಾಕ ಅವಗ ತಿಳೀತಿತ್ತು. ಬೆರಳಿಗೆ ಹಚ್ಚಿ ನೋಡಬೇಕಾಗಿದ್ದಿಲ್ಲ, ವಾಸನಿ ಮ್ಯಾಲ ಹೇಳ್ತಿದ್ದ. ನನಗ ಆಗಂಗಿಲ್ಲ ಅದು."

ಮಹಾರುದ್ರಪ್ಪ ಜೋಳದ ದಂಟು ಸರಿಸಿದ. ಇಂಥ ಮಾತು ಇನ್ನೊಂದೆರಡು ಬಂದಾವೇನೋ ಎಂದು ಕತ್ತು ಮುಂದೆ ಚಾಚಿದ. ಅಷ್ಟರಲ್ಲಿ ಯಶೋದಾಬಾಯಿ ಮುಖ ಒರೆಸಿಕೊಳ್ಳಲು ಈ ಕಡೆ ತಿರುಗಿದವಳು ಅವನನ್ನು ಕಂಡು ಕಿಟಾರನೆ ಕಿರುಚಿದಳು.

ಹೆಂಗಸರ ಹಾಡು ನಡುವಿನಲ್ಲೇ ನಿಂತಿತು. ಯಾರೋ ಇಬ್ಬರು ಓಡಿದರು. ಬಸವಣಪ್ಪ ಎದ್ದು ನಿಂತು ತಮ್ಮನನ್ನು ಮೇಲಿಂದ ಕೆಳಗೆ ನೋಡಿದ. ಅಲ್ಲಿಯವರೆಗೆ ಬಾರದಿದ್ದ ಅಳು ಈಗ ಬಂತು, ಅದರ ಹಿಂದೆಯೇ ಸಿಟ್ಟು ಬಂತು.

"ನೀ ಸತ್ತಿಲ್ಲಾ?"

"ಇಲ್ಲಣ್ಣಾ."

"ಮತ್ತ ನಾ ಯಾಕ ಬಂದೆ? ಹಬ್ಬದ ಸೀಜನ್‌ನಾಗ ಅಂಗಡಿ ಮುಚ್ಚಿ ಬಂದೀನಿ. ಚಪ್ಪಲ್ ಸುದ್ದಾ ಹಾಕ್ಕೊಂಡಿಲ್ಲ! ಇಷ್ಟು ಮಂದಿ ಮುಂದ ನಿನ್ನ ಹೊಗಳಿ ಕುಂತೀನಿ!"

"ನಾ ಹೇಳೀನೇನು ಹೊಗಳಂತ?"

"ಫೋನ್ ಮಾಡಿದವ ಯಾರು?"

"ನಾನ."

"ಕುಣಿ ಯಾರಿಗೆ?"

"ನನಗ. ಅಂದ್ರ, ಪೂರ್ತಿ ನನಗಲ್ಲ..." ಎಂದು ಮಹಾರುದ್ರಪ್ಪ ಡಬ್ಬಿ ಎತ್ತಿ ತೋರಿಸಿದ. ತಾಯಿಕೋಶ, ಗಾಜಿನ ತಾಟು, ಹೆಪ್ಪು, ಥಂಡಿ ಪೆಟ್ಟಿಗೆ, ಎಲ್ಲ ಹೇಳಿದ. ಎಳೆಗರುವಿನ ಮಾತೊಂದನ್ನು ನುಂಗಿದ. ಜನ ಬಾಯಿ ಬಿಟ್ಟು ಕೇಳಿದರು.

ಕೇಳಿ ಆದ ಮೇಲೆ ದೇವಿದಾಸ ಕುಣಿಯ ಹತ್ತಿರ ಹೋಗಿ ಒಳಗೆ ನೋಡಿದ. ಆಳೆತ್ತರದ ಕುಣಿ, ಮನುಷ್ಯ ಪದ್ಮಾಸನ ಹಾಕಿ ಕೂಡುವಂತೆ ಗೂಡು ಬಿಟ್ಟು, ಗೋಡೆ ಸವರಿ ತೆಗೆದದ್ದು. ಅಂಗೈ ಬೊಬ್ಬೆ ಬಂದಿತ್ತು. "ಸಾವ್ಕಾರ್ರ, ಡಬ್ಬಿ ಅಂತ ಒಂದು ಮಾತು ಹೇಳಿದ್ರ ಕಸ ತಗಿಯೋ ಖುರಪಿಲೇ ಮುಗೀತಿತ್ತಲ್ರಿ. ಇಷ್ಟು ದೊಡ್ಡದನ್ನ ಈಗ ತುಂಬವ ಯಾರು? ಮತ್ತ್ಯಾರರ ಬರೋರು ಇದ್ದಾರೇನು?"

ಸೋದರಮಾವ ಎರಡು ಹೆಜ್ಜೆ ಹಿಂದೆ ಸರಿದ.

ಬಂದ ಮಂದಿಗೂ ಸಂಕಟ. ಹಾರ ತಂದಿದ್ದಾರೆ, ವಿಭೂತಿ, ಬಿಲ್ವಪತ್ರೆ ತಂದಿದ್ದಾರೆ, ಕೆಲಸ ಬಿಟ್ಟು ಬಂದಿದ್ದಾರೆ. ಹಿಡಿ ಮಣ್ಣು ಹಾಕದೆ ತಿರುಗಿ ಹೋಗುವುದು ಹೇಗೆ? ಮಂತ್ರ ಹೇಳಲು ಬಂದಿದ್ದ ಅಯ್ಯನವರನ್ನು ಕೇಳಿದರು. ಅವರು ಗಡ್ಡ ನೀವಿಕೊಂಡು ಡಬ್ಬಿಯ ಮುಂದೆ ಕೂತರು.

"ಇದರ ಮೈಮ್ಯಾಲ ಲಿಂಗ ಇತ್ತೇನು?"

"ಅದಕ್ಕ ಕೊರಳ ಇಲ್ರಿ ಅಯ್ಯನೋರ."

"ಪದ್ಧತಿ ಪ್ರಕಾರ ಲಿಂಗ ಅಂಗೈಯಾಗ ಇಟ್ಟು ಮಣ್ಣಿಗೆ ಕೊಡಬೇಕು. ನಿಂದು ಕೊಟ್ರ ನೀ ಏನ ಕಟಗೋತಿ? ಕೊಡದಿದ್ರ ಇದು ಸಮಾಧಿ ಹ್ಯಾಂಗ ಆಗ್ತದ? ಅಲ್ದ ನೀ ಬದುಕಿ ಅದಿ. ನಿನಗ ಕೊಟ್ರ ನಾಳೆ ನೀ ಸತ್ತಾಗ ಮತ್ತ ಕೊಡಬೇಕಾಗ್ತದ. ಒಬ್ಬಗ ಎರಡು ಸಲ ಯಾವ ಶಾಸ್ತ್ರದಾಗೂ ಇಲ್ಲ." ಅವರು ಮತ್ತಷ್ಟು ಯೋಚಿಸಿದರು. "ಸತ್ತದ್ದು ಮನುಷ್ಯ ಅಲ್ಲ, ಮನುಷ್ಯಾಂದು ಒಂದು ತುಣುಕು. ಹಲ್ಲು ಬಿದ್ರ ಏನ ಮಾಡ್ತೀವಿ? ಹಂಗ ಮಾಡೂಣು. ವಿಭೂತಿ ಹಚ್ಚೂಣು, ಪತ್ರಿ ಹಾಕೂಣು, ಮಂತ್ರ ಬ್ಯಾಡ. ಖರೆ ಇದು ಇಷ್ಟ ದಿನ ಏನ ಉಂಡು ಬದುಕಿತ್ತು?"

"ಸಕ್ಕರಿ" ಅಂದ ಮಹಾರುದ್ರಪ್ಪ, ತಟ್ಟನೆ.

"ಪೇಡೇದವನ ತೊಗಲ ಅಲ್ಲೇನು" ಎಂದು ಅಯ್ಯನವರು ಒಪ್ಪಿದರು.

ಕುಣಿಯಲ್ಲಿ ಇಳಿಸುವ ಮುಂಚೆ ಬಸವಣಪ್ಪ, "ತಡಿ, ನೋಡೂಣು" ಎಂದು ಡಬ್ಬಿಯ ಮುಚ್ಚಳ ತೆಗೆದ. ಕರಗಿದ ಬರ್ಫದ ನೀರಿನಲ್ಲಿ ತೆಳ್ಳನೆಯ ಹಾಳೆಗಳು ಮಡಿಕೆ ಬಿದ್ದು ತೇಲುತ್ತಿದ್ದವು. ಅಣ್ಣ ಬಗ್ಗಿ ನೋಡಿದ. ಹಾಲು ಕಾಸಿಯೇ ಹಣ್ಣಾದ ಕಣ್ಣು.

"ಕೆನಿ ಹಂಗ ಅದ."

"ಎಮ್ಮಿ ಹಾಲಿನ ಕೆನಿ ಅಲ್ಲ" ಅಂದ ತಮ್ಮ. "ಆಕಳದ್ದು."

"ಹೂಂ. ತೆಳ್ಳಗ ಅದ." ಆಮೇಲೆ ಬಸವಣಪ್ಪ ತಮ್ಮನ ಮುಖ ನೋಡದೆ, "ನೀ ದವಾಖಾನ್ಯಾಗ ಎಲ್ಲಾರಿಗೂ ಅಂದ್ಯಂತ, ಅಣ್ಣನ ಹೆಸರು ತಗದದ್ದಕ್ಕ ಸುಟ್ಟೆ ಅಂತ. ಅದನ್ನ ಕೇಳಿ ಹ್ಯಾಂಗ ಬರಲಿ ನಾ?" ಅಂದ.

ಮಹಾರುದ್ರಪ್ಪ ಅಂದದ್ದು ನಿಜ. ಅಂಗಿಯ ಗುಂಡಿ ಬಿಚ್ಚಿದ. ಬಸವಣಪ್ಪ ಎದೆಯ ಮೇಲೆ ಕೈಯಿಟ್ಟು ನೋಡಿದ, ತೋಳು ಮುಟ್ಟಿ ನೋಡಿದ. ಬಿಸಿಲು ಏರಿತ್ತು, ಸುತ್ತ ನಿಂತವರೆಲ್ಲ ಬೆವರಿನಲ್ಲಿ ತೊಯ್ದಿದ್ದರು. ತಮ್ಮನ ಮುಖದ ಮೇಲೆ ಹನಿಗಳಿದ್ದವು. ಎದೆ ಮಾತ್ರ ಒಣಗಿದ ಗಾಜಿನಂತೆ, ಕೈ ಸುಡುವಷ್ಟು ಕಾದಿತ್ತು.

"ಇಲ್ಲಿ ಬೆವರ ಬರಂಗಿಲ್ಲೇನೋ?"

"ಬರಂಗಿಲ್ಲ."

"ಮತ್ತ ಒಲಿ ಮುಂದ ಹ್ಯಾಂಗ ಕೂಡ್ತಿ?"

ಸೂಗಮ್ಮ ತಿರುಗಿ ಗಂಡನನ್ನು ನೋಡಿದಳು. ಅವನ ಟೊಂಕದ ನೋವಿಗೆ ಅವಳು ಇಡೀ ಬೇಸಿಗೆ ಎಣ್ಣೆ ತಿಕ್ಕಿದ್ದಳು.

"ಕೂಡಂಗಿಲ್ಲ" ಅಂದ ಮಹಾರುದ್ರಪ್ಪ. ಕೈ ಬೀಸಲಿಲ್ಲ.

ಬಸವಣಪ್ಪ ತಮ್ಮನ ಅಂಗಿಯ ಗುಂಡಿಗಳನ್ನು ತಾನೇ ಹಾಕಿದ, ಡಬ್ಬಿಯನ್ನು ಎತ್ತಿ ದೇವಿದಾಸನ ಕೈಗೆ ಕೊಟ್ಟ. ಅಷ್ಟು ದೊಡ್ಡ ಕುಣಿಯ ತಳದಲ್ಲಿ ಅಷ್ಟು ಚಿಕ್ಕ ಡಬ್ಬಿ ಕೂತಿತು. ಎಲ್ಲರೂ ಸಾಲಾಗಿ ಬಂದು ಹಿಡಿ ಮಣ್ಣು ಹಾಕಿದರು. ಮಹಾರುದ್ರಪ್ಪನೂ ಹಾಕಿದ, ಹಾಕುವಾಗ, ಯಾರೂ ನಿರೀಕ್ಷಿಸದಂತೆ, ಬಿಕ್ಕಿ ಬಿಕ್ಕಿ ಅತ್ತ. ಹೆಂಗಸರು ತಮ್ಮ ಹಾಡನ್ನು ನಿಂತಲ್ಲಿಂದ ಮುಂದುವರಿಸಿದರು. ಮುಗಿದ ಮೇಲೆ ಗಂಡಸರೆಲ್ಲ ದೇವಿದಾಸನ ಜೊತೆ ಸನಿಕೆ ಹಿಡಿದು ಕುಣಿ ತುಂಬಿದರು. ಜನರ ಬಾಯಿ ಮುಚ್ಚಿಸಲು ಬಸವಣಪ್ಪನೇ ಎಲ್ಲರಿಗೂ ಚಹಾ ಕುಡಿಸಿದ.

ಮುಂದಿನ ಯುಗಾದಿಯಿಂದ ಬಸವಣಪ್ಪ ತನ್ನ ಅಂಗಡಿಯನ್ನು ಯಶೋದಾಬಾಯಿಗೆ ಬಿಟ್ಟು, ಬಿಸಿಲುಗಾಲ ಮುಗಿಯುವವರೆಗೆ ಹುಮನಾಬಾದಿನ ಒಲೆಯ ಮುಂದೆ ಕೂತ. ತಮ್ಮ ಗಲ್ಲೆಯ ಮೇಲಿಂದಲೇ ಮೂಗು ಅರಳಿಸಿ, "ಈಗ ಇಳಿಸು!" ಅನ್ನುತ್ತಿದ್ದ. "ಇನ್ನೊಂದು ಕುದಿ ಬರಲಿ" ಎಂದು ಅಣ್ಣ. "ಇಳಿಸಂದ್ರ ಇಳಿಸು!" ದಿನವೂ ಜಗಳ. ಹೈದರಾಬಾದಿನ ಬಸ್ಸು ಹೊರಡಲು ನಿಂತಿದ್ದರೂ ಜನ ಇಳಿದು ಬಂದು ಜಗಳ ಕೇಳುತ್ತ ಪೇಡೆ ತಿನ್ನುತ್ತಿದ್ದರು.

ವರ್ಷ ತುಂಬಿದಾಗ ಬಸವಣಪ್ಪ ಪುಣ್ಯತಿಥಿ ಮಾಡಲೇಬೇಕೆಂದು ಹಟ ಹಿಡಿದ. ಮಣ್ಣಿಗೆ ಬಂದವರನ್ನು ಉಣ್ಣಿಸದೆ ಬಿಟ್ಟರೆ ಮನೆತನಕ್ಕೆ ಛಂದವಲ್ಲ. ಕೊಹಿನೂರಿನ ಹೊಲದಲ್ಲಿ ಪಂಕ್ತಿ ಕೂತಿತು. ಹೋದವರಿಗೆ ಇಷ್ಟವಾದದ್ದನ್ನು ಬಡಿಸುವುದು ಪದ್ಧತಿ ಎಂದು ಯಶೋದಾಬಾಯಿ ಸೂಗಮ್ಮನನ್ನು ಕೇಳಿದ್ದಳು. ಸೂಗಮ್ಮ, "ಅವ್ರನ್ನ ಕೇಳ್ರಿ ಅಕ್ಕಾ, ಅಲ್ಲೇ ಕುಂತಾರ" ಅಂದಿದ್ದಳು. ಹೋಳಿಗೆ ಮಾಡಿದ್ದರು.

ಮಹಾರುದ್ರಪ್ಪನ ಪಕ್ಕದಲ್ಲಿ ದುಬಲಗುಂಡಿಯಿಂದ ಬಂದ ಒಬ್ಬ ಮುದುಕ ಕೂತಿದ್ದ. ಕಿವಿ ಮಂದ, ಕಣ್ಣಿಗೆ ಪೊರೆ. ಯಾರು ಹೋದರು, ಹೇಗೆ ಹೋದರು ಎಂಬುದು ಅವನಿಗೆ ಅರ್ಧವಷ್ಟೇ ತಿಳಿದಿತ್ತು. ಹೋಳಿಗೆಯ ಮೇಲೆ ತುಪ್ಪ ಬಿಡಿಸಿಕೊಂಡು, ಒಂದು ತುತ್ತು ಉಂಡು, ಪಕ್ಕದವನ ತೊಡೆ ತಟ್ಟಿದ.

"ಛಲೋ ಮನುಷ್ಯಾ ಇದ್ದನಪಾ. ನಾ ಕಂಡೀನಿ. ಖರೆ ಬಾಯಿ ಭಾಳ."

"ಹೌದ್ರಿ ಮುತ್ಯಾ, ಭಾಳ" ಎಂದು ಮಹಾರುದ್ರಪ್ಪ ಒಪ್ಪಿದ. ಕೈ ಎತ್ತಿ ಅಣ್ಣನನ್ನು ಕೂಗಿ, ಮುದುಕನಿಗೆ ಇನ್ನೊಂದು ಹೋಳಿಗೆ ಹಾಕಿಸಿದ.